ಬಿಡುವಿನ ದಿನದ ರೇಡಿಯೋ

ಸೋಮಾರಿತನಕ್ಕೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. ಅದರಲ್ಲಿಯೂ ಬಸವಕಲ್ಯಾಣದಂತಹ ಊರಿನಲ್ಲಿ ಸೋಮಾರಿಯಾಗಿರುವುದು ಇನ್ನಷ್ಟು ಕಷ್ಟದ ಕೆಲಸ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಾಯಕದ ಹಿರಿಮೆಯನ್ನು ಸಾರಿದ ಊರು ಅದು. ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನವರ ನೆನಪನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ಊರಿನಲ್ಲಿ, ಭಾನುವಾರ ಬೆಳಿಗ್ಗೆ ಹತ್ತು ಹೊಡೆದರೂ ಚಾಪೆಯ ಮೇಲೆ ಹೊರಳಾಡುವ ಗೃಹಸ್ಥನಿಗೆ ಒಳಗೊಳಗೆ ಒಂದು ಅಳುಕು ಇರಲೇಬೇಕು. ಶರಣರು ನೋಡಿದರೆ ಏನೆಂದಾರು ಎಂಬ ಚಿಂತೆ ಒಂದು. ಮನೆಯಾಕೆ ನೋಡಿದರೆ ಏನೆಂದಾಳು ಎಂಬ ಚಿಂತೆ ಅದಕ್ಕಿಂತ ದೊಡ್ಡದು.

ಆದರೂ ಬಿಡುವಿನ ದಿನದ ಪರವಾಗಿ ಎರಡು ಮಾತು ಹೇಳಲು ಅವಕಾಶವುಂಟು. ಆರು ದಿನ ಮನುಷ್ಯನು ಇತರರಿಗೆ ಬೇಕಾದುದನ್ನು ಮಾಡುತ್ತಾನೆ. ಏಳನೆಯ ದಿನ ಯಾರಿಗೂ ಬೇಡವಾದುದನ್ನು ಮಾಡುತ್ತಾನೆ. ಯಾರಿಗೂ ಬೇಡವೆಂದು ತೋರುವ ಆ ಕೆಲಸದಿಂದಲೇ ಒಂದೊಂದು ಸಲ ಇಡೀ ಊರಿಗೆ ಬೇಕಾಗುವ ವಿದ್ಯೆ ಬೆಳೆಯುತ್ತದೆ. ಹವ್ಯಾಸಿ ರೇಡಿಯೋ ಇದಕ್ಕೆ ಒಳ್ಳೆಯ ನಿದರ್ಶನ.

ಬಸವಕಲ್ಯಾಣದ ಓಣಿಯೊಂದರಲ್ಲಿ ನಲವತ್ತು ದಾಟಿದ ಒಬ್ಬ ಗೃಹಸ್ಥರನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಕೆಲಸ ಹುಮನಾಬಾದಿನಲ್ಲಿ. ದಿನವೂ ಬೆಳಿಗ್ಗೆ ಬಸ್ಸು ಹಿಡಿದು, ಸಸ್ತಾಪುರ ಬಂಗ್ಲೆಯ ಬಳಿ ಹೆದ್ದಾರಿಗೆ ಸೇರಿ, ಪೂರ್ವದ ಬಿಸಿಲಿಗೆ ಮುಖವೊಡ್ಡಿ ಹೋಗುವುದು. ಸಂಜೆ ಪಶ್ಚಿಮದ ಬಿಸಿಲಿಗೆ ಮುಖವೊಡ್ಡಿ ಬರುವುದು. ಆ ಭಾನುವಾರ ಅವರಿಗೆ ಎಲ್ಲಿಯೂ ಹೋಗುವುದಿರಲಿಲ್ಲ. ಸುಸಲಾ ತಿಂದಾಯಿತು, ಎರಡು ಸಲ ಚಹಾ ಆಯಿತು, ಪತ್ರಿಕೆಯನ್ನು ಜಾಹೀರಾತುಗಳ ಸಹಿತ ಓದಿಯಾಯಿತು. ಇನ್ನೇನೂ ಉಳಿಯದೆ, ಮಾಡದ ಮೇಲಿನ ಟ್ರಂಕನ್ನು ಕೆಳಗಿಳಿಸಿದರು.

ಟ್ರಂಕಿನಲ್ಲಿ ಇದ್ದದ್ದು ಹದಿನೆಂಟು ವರ್ಷಗಳ ಹಿಂದಿನ ಅವರ ಯೌವನ. ಬೂದು ಬಣ್ಣದ ಒಂದು ತಗಡಿನ ಪೆಟ್ಟಿಗೆ, ಸುರುಳಿ ಸುತ್ತಿದ ತಾಮ್ರದ ತಂತಿ, ಮೋರ್ಸ್ ಸಂಕೇತ ಬಡಿಯುವ ಪುಟ್ಟ ಹಿತ್ತಾಳೆಯ ಕೀಲಿ, ಉದ್ದ ಪಟ್ಟಿಯ ಒಂದು ದಾಖಲೆ ಪುಸ್ತಕ, ದಾರ ಕಟ್ಟಿದ ಅಂಚೆ ಕಾರ್ಡುಗಳ ಒಂದು ಕಟ್ಟು. ಎಲ್ಲದರ ಅಡಿಯಲ್ಲಿ ಸರಕಾರದ ಪರವಾನಗಿ. ಅದರ ಅವಧಿ ಇಪ್ಪತ್ತು ವರ್ಷ; ಮುಗಿಯಲು ಇನ್ನೂ ಎರಡು ವರ್ಷ ಉಳಿದಿತ್ತು. ಮುಗಿದಿದ್ದುದು ಉತ್ಸಾಹವೊಂದೇ.

“ಏನ್ರಿ, ಈ ಹಳಿ ಪೆಟ್ಟಿಗಿ ಮತ್ಯಾಕ ತಗದ್ರಿ? ಎಲ್ಲಾ ಜಂಗ್ ಹಿಡದು ಹೋಗ್ಯಾದ,” ಎಂದರು ಮನೆಯಾಕೆ. ಮಾತಿನಲ್ಲಿ ಸತ್ಯಾಂಶವಿತ್ತು. ಕೇಬಲಿನ ತುದಿಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಆದರೆ ಹನ್ನೆರಡು ವರ್ಷದ ಮಗಳು ಅಂಚೆ ಕಾರ್ಡುಗಳ ಕಟ್ಟನ್ನು ಬಿಚ್ಚಿ ನೋಡತೊಡಗಿದ್ದಳು.

ಹವ್ಯಾಸಿ ರೇಡಿಯೋ ಎಂದರೇನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ತಿಳಿಸಬೇಕು. ಆಕಾಶವಾಣಿಯ ಕೇಂದ್ರ ಮಾತನಾಡುತ್ತದೆ, ಜನ ಕೇಳುತ್ತಾರೆ. ಹವ್ಯಾಸಿ ರೇಡಿಯೋದಲ್ಲಿ ಕೇಳುವವರೂ ಮಾತನಾಡುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸರಕಾರ ಪರವಾನಗಿಯನ್ನೂ, ಪ್ರಪಂಚದಲ್ಲಿ ಮತ್ತಾರಿಗೂ ಇಲ್ಲದ ಒಂದು ಕರೆಸಂಕೇತವನ್ನೂ ಕೊಡುತ್ತದೆ. ಭಾರತದ ಹವ್ಯಾಸಿಗಳ ಸಂಕೇತ ಸಾಮಾನ್ಯವಾಗಿ ‘ವಿಯು2’ ಅಥವಾ ‘ವಿಯು3’ ಎಂದು ಮೊದಲಾಗುತ್ತದೆ. ಪ್ರಧಾನಿಯಾಗಿದ್ದ ರಾಜೀವ ಗಾಂಧಿಯವರು ಈ ಬಳಗದಲ್ಲಿ ‘ವಿಯು2ಆರ್‌ಜಿ’ ಎಂದೇ ಪರಿಚಿತರು. ಇಲ್ಲಿ ವ್ಯಾಪಾರದ ಮಾತು ಸಲ್ಲದು, ಹಾಡು ಬಿತ್ತರಿಸುವಂತಿಲ್ಲ, ಹಣ ಪಡೆಯುವಂತಿಲ್ಲ. ಮಾತುಕತೆ ಮುಗಿದ ಮೇಲೆ ಅದರ ಗುರುತಾಗಿ ಇಬ್ಬರೂ ಪರಸ್ಪರ ಕಳುಹಿಸಿಕೊಳ್ಳುವ ಕಾರ್ಡಿಗೆ ‘ಕ್ಯೂಎಸ್‌ಎಲ್’ ಎಂದು ಹೆಸರು. ಮಗಳ ಕೈಯಲ್ಲಿದ್ದವು ಅವೇ.

ಕರ್ನಾಟಕಕ್ಕೆ ರೇಡಿಯೋ ಬಂದುದೇ ಬಿಡುವಿನ ವೇಳೆಯ ಇಂತಹ ಒಂದು ಹುಚ್ಚಿನಿಂದ ಎಂದರೆ ಅತಿಶಯವಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠ್ಠಲ ವಿಹಾರ’ದ ಮನೆಯಿಂದ, ಮೂವತ್ತು ವಾಟಿನ ಒಂದು ಸಣ್ಣ ಯಂತ್ರವನ್ನಿಟ್ಟುಕೊಂಡು ಪ್ರಸಾರ ಪ್ರಾರಂಭಿಸಿದರು. ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದುದು ಮನಸ್ಸಿನ ಶಾಸ್ತ್ರವನ್ನು. ತಂತಿಯಿಲ್ಲದ ವಾರ್ತೆ ಅವರ ಉದ್ಯೋಗವಾಗಿರಲಿಲ್ಲ. ಆ ಮನೆಯ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಮೈಸೂರಿನ ಆ ಕೇಂದ್ರವೂ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಪ್ರಾಧ್ಯಾಪಕರೊಬ್ಬರು ಬಿಡುವಿನ ವೇಳೆಯನ್ನು ನಿದ್ದೆಗೆ ಕೊಡದೆ ಇದ್ದುದರ ಫಲ ಇಷ್ಟು.

ನಮ್ಮ ಗೃಹಸ್ಥರ ತಗಡಿನ ಪೆಟ್ಟಿಗೆಗೂ ಇಂಥದೇ ಒಂದು ಕುಲಗೋತ್ರವುಂಟು. ನೆರೆಯ ಹೈದರಾಬಾದಿನ ಅಶ್‌ಹರ್ ಫರ್ಹಾನ್ ಎಂಬ ಹವ್ಯಾಸಿ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷಗಳ ಹಿಂದೆ ‘ಬಿಟ್‌ಎಕ್ಸ್’ ಎಂಬ ಒಂದು ರೇಡಿಯೋದ ವಿನ್ಯಾಸವನ್ನು ಸರ್ವರಿಗೂ ಮುಕ್ತವಾಗಿ ಪ್ರಕಟಿಸಿದರು. ವಿದೇಶದಿಂದ ಬರುವ ದುಬಾರಿ ಬಿಡಿಭಾಗಗಳನ್ನು ಭಾರತದ ವಿದ್ಯಾರ್ಥಿ ಎಲ್ಲಿಂದ ತರಬೇಕು? ಆದುದರಿಂದ ಸಾಮಾನ್ಯ ಅಂಗಡಿಯಲ್ಲಿ ಸಿಗುವ ಭಾಗಗಳಿಂದಲೇ ಕಟ್ಟಬಹುದಾದ ಯಂತ್ರವದು. ತಂತಿಯ ಸುರುಳಿಗಳನ್ನು ಸುತ್ತಲು ಅದರಲ್ಲಿ ನೀರಿನ ನಲ್ಲಿಗೆ ಹಾಕುವ ವಾಷರನ್ನೇ ಬಳಸಲಾಗಿತ್ತು! ಈ ವಿನ್ಯಾಸ ದೇಶದೇಶಗಳ ಹವ್ಯಾಸಿಗಳ ಮೇಜನ್ನು ಸೇರಿತು. ವಿದ್ಯಾರ್ಥಿಯಾಗಿದ್ದಾಗ ನಮ್ಮ ಗೃಹಸ್ಥರು ಅದನ್ನು 7 ಮೆಗಾಹರ್ಟ್ಸಿಗೆ ಹೊಂದಿಸಿ, ರಾತ್ರಿಯೆಲ್ಲ ಬೆಸುಗೆ ಹಾಕಿ ಕಟ್ಟಿದ್ದರು. ಮಾತನಾಡುವಾಗ ಅದು ಹೊರಡಿಸುವ ಶಕ್ತಿ ಐದಾರು ವಾಟು; ಪಡಸಾಲೆಯ ವಿದ್ಯುದ್ದೀಪಕ್ಕಿಂತ ಹೆಚ್ಚಲ್ಲ.

ಹಳೆಯ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ ಕೊಡುವುದು ಬುದ್ಧಿವಂತಿಕೆಯಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಕೆಪಾಸಿಟರುಗಳ ಒಳಗಿನ ದ್ರವ ಒಣಗಿರುತ್ತದೆ. ಹಠಾತ್ತನೆ ಒತ್ತಡ ಬಿದ್ದರೆ ಅವು ಕೆಟ್ಟು, ಜೊತೆಯಲ್ಲಿರುವ ಭಾಗಗಳನ್ನೂ ಕೆಡಿಸುತ್ತವೆ. ಗೃಹಸ್ಥರು ಮಧ್ಯಾಹ್ನದವರೆಗೆ ಕುಳಿತು, ಉಬ್ಬಿದ ಎರಡು ಕೆಪಾಸಿಟರುಗಳನ್ನು ಬದಲಿಸಿದರು; ತುದಿಗಳ ಕಿಲುಬನ್ನು ಉಜ್ಜಿ ತೆಗೆದರು. ಎಂಟು ಗಂಟೆಗೆ ಎದ್ದು ಹಲ್ಲುಜ್ಜಲು ಬೇಸರಪಟ್ಟಿದ್ದ ವ್ಯಕ್ತಿ ಇವರೇ ಏನು ಎಂದು ಮನೆಯವರಿಗೆ ಸಂದೇಹ ಬರುವಷ್ಟು ಶ್ರದ್ಧೆ!

ಅನಂತರ ತಂದೆ ಮಗಳು ಮಾಳಿಗೆ ಏರಿದರು. 7 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು ನಲವತ್ತು ಮೀಟರ್; ಅದರ ಅರ್ಧದಷ್ಟು, ಎಂದರೆ ಇಪ್ಪತ್ತು ಮೀಟರ್ ತಂತಿ ಬೇಕು. ನಡುವಿನಲ್ಲಿ ಕೇಬಲು, ಎಡಕ್ಕೆ ಹತ್ತು ಮೀಟರ್, ಬಲಕ್ಕೆ ಹತ್ತು ಮೀಟರ್. ಒಂದು ತುದಿಯನ್ನು ಬಿದಿರು ಗಳಕ್ಕೂ, ಇನ್ನೊಂದನ್ನು ಹಿತ್ತಿಲಿನ ಬೇವಿನ ಮರಕ್ಕೂ ಕಟ್ಟಿದರು. “ಅಪ್ಪಾ, ಇಷ್ಟ ತೆಳ್ಳಗಿನ ತಂತೀಲೆ ಮಾತು ಎಲ್ಲೀತನಕಾ ಹೋಗ್ತದ?” ಎಂದು ಮಗಳು ಕೇಳಿದಳು.

ಅದಕ್ಕೆ ಉತ್ತರ ಆಕಾಶದಲ್ಲಿದೆ. ಭೂಮಿಯಿಂದ ಇನ್ನೂರೈವತ್ತು ಮುನ್ನೂರು ಕಿಲೋಮೀಟರ್ ಮೇಲೆ ಸೂರ್ಯನ ಕಿರಣಗಳಿಂದ ವಿದ್ಯುದಂಶ ಪಡೆದ ಗಾಳಿಯ ಪದರವೊಂದಿದೆ. ಕಿರುಅಲೆಗಳು ಅಲ್ಲಿಗೆ ತಲುಪಿ, ಬಾಗಿ, ಮರಳಿ ನೆಲಕ್ಕೆ ಬರುತ್ತವೆ. ತಂತಿಯನ್ನು ತೀರ ಎತ್ತರಕ್ಕೆ ಕಟ್ಟದೆ ಮನೆಯ ಮಾಳಿಗೆಯಷ್ಟೇ ಎತ್ತರದಲ್ಲಿರಿಸಿದರೆ ಅಲೆ ಬಹುಮಟ್ಟಿಗೆ ನೇರವಾಗಿ ಮೇಲೇರುತ್ತದೆ. ಕೊಡೆಯ ಆಕಾರದಲ್ಲಿ ಸುತ್ತಣ ನೂರಾರು ಕಿಲೋಮೀಟರಿನ ಮೇಲೆ ಇಳಿಯುತ್ತದೆ. ಬಸವಕಲ್ಯಾಣದಿಂದ ನೇರ ಗೆರೆ ಎಳೆದರೆ ಹೈದರಾಬಾದು ಸುಮಾರು 170 ಕಿಲೋಮೀಟರ್, ಪುಣೆ ಸುಮಾರು 335, ಬೆಂಗಳೂರು ಸುಮಾರು 545. ಮೂರೂ ಆ ಕೊಡೆಯ ನೆರಳಿನಲ್ಲಿಯೇ ಇವೆ. ನಡುವೆ ಗೋಪುರ ಬೇಡ, ವಿನಿಮಯ ಕೇಂದ್ರ ಬೇಡ. ಅಲ್ಲೊಂದು ತಂತಿ, ಇಲ್ಲೊಂದು ತಂತಿ, ಮೇಲೆ ಆಕಾಶ.

ಮೂರು ಗಂಟೆಗೆ ಪೆಟ್ಟಿಗೆಗೆ ಜೀವ ಬಂದಿತು. ಆದರೆ ಕೇಳಿಸಿದ್ದು ಮಾತಲ್ಲ. ಜೇನುಗೂಡಿಗೆ ಕಲ್ಲೆಸೆದಂತೆ ಒಂದೇ ಸಮನೆ ಗುಂಯ್ಗುಟ್ಟುವ ಸದ್ದು. ಹದಿನೆಂಟು ವರ್ಷಗಳ ಹಿಂದೆ ಊರು ಇಷ್ಟು ಗದ್ದಲದ್ದಾಗಿರಲಿಲ್ಲ. ಮನೆಮನೆಯ ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರುಗಳು, ಇನ್ವರ್ಟರುಗಳು ಎಲ್ಲವೂ ಕಿವಿಗೆ ಕೇಳಿಸದ ಕಿರುಕುಳವನ್ನು ಗಾಳಿಯಲ್ಲಿ ಹರಡುತ್ತವೆ. ಅದು ರೇಡಿಯೋಗೆ ಮಾತ್ರ ಕೇಳಿಸುತ್ತದೆ. ಗೃಹಸ್ಥರು ಗುಂಡಿ ತಿರುಗಿಸಿದರು, ತಂತಿಯನ್ನು ಸರಿಸಿ ನೋಡಿದರು. ಏನೂ ಫಲವಿಲ್ಲ. ಮನೆಯಾಕೆ ಬಾಗಿಲಲ್ಲಿ ನಿಂತು ಏನೂ ಹೇಳಲಿಲ್ಲ. ಹೇಳದೆ ಇದ್ದುದೇ ಹೇಳಿದುದಕ್ಕಿಂತ ಹೆಚ್ಚಾಗಿತ್ತು.

ನಾಲ್ಕು ಗಂಟೆಯ ಸುಮಾರಿಗೆ ಕರೆಂಟು ಹೋಯಿತು. ಬೀಸಣಿಗೆ ನಿಂತಿತು, ಓಣಿಯ ಟಿ.ವಿ.ಗಳು ಮೌನವಾದವು, ನೆರೆಮನೆಯಿಂದ ಎಂದಿನ ಗೊಣಗಾಟ ಕೇಳಿಸಿತು. ಯಂತ್ರವಾದರೋ ಹನ್ನೆರಡು ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಗುಂಯ್ ಎಂಬ ಸದ್ದು ಮಂಜು ಕರಗಿದಂತೆ ಕರಗಿ, ಅದರ ಹಿಂದಿನಿಂದ ಮನುಷ್ಯರ ದನಿಗಳು ಹೊರಬಂದವು. ಒಂದು ಪುಣೆಯದು, ಮರಾಠಿಯ ಲಯದ ಇಂಗ್ಲಿಷು. ಇನ್ನೊಂದು ಹೈದರಾಬಾದಿನದು. ಅವರಿಬ್ಬರ ಮಾತು ಮುಗಿಯುವವರೆಗೆ ಗೃಹಸ್ಥರು ಮರ್ಯಾದೆಯಿಂದ ಕಾದಿದ್ದು, ಅನಂತರ ತಮ್ಮ ಸಂಕೇತವನ್ನು ಹೇಳಿದರು. ಗಂಟಲು ಒಣಗಿತ್ತು, ಎರಡನೆಯ ಸಲ ಹೇಳಬೇಕಾಯಿತು.

ಹೈದರಾಬಾದು ಉತ್ತರ ಕೊಟ್ಟಿತು. “ಐದು, ಐದು,” ಎಂದಿತು. ಮಾತಿನ ಸ್ಪಷ್ಟತೆಗೆ ಐದರಲ್ಲಿ ಐದು, ಬಲಕ್ಕೆ ಒಂಬತ್ತರಲ್ಲಿ ಐದು ಎಂದು ಅದರ ಅರ್ಥ. ಎಲ್ಲಿಂದ ಎಂದು ಕೇಳಿತು. ಬಸವಕಲ್ಯಾಣ ಎಂದಾಗ ಆ ಕಡೆಯಿಂದ ಒಂದು ಕ್ಷಣ ಮೌನ. ಅನಂತರ, ಆ ಊರಿನಿಂದ ದನಿ ಕೇಳಿ ಬಹುಕಾಲವಾಯಿತು ಎಂಬ ಸಂತೋಷದ ಮಾತು. ಮಗಳು ದಾಖಲೆ ಪುಸ್ತಕದಲ್ಲಿ ದಿನಾಂಕ, ವೇಳೆ, ಸಂಕೇತಗಳನ್ನು ಬರೆದುಕೊಂಡಳು. ಅದರ ಮೇಲಿನ ಸಾಲಿಗೂ ಈ ಸಾಲಿಗೂ ನಡುವೆ ಇದ್ದುದು ಒಂದು ಬೆರಳಿನಗಲ ಕಾಗದ, ಹದಿನೈದು ವರ್ಷಗಳ ಕಾಲ.

ಇದನ್ನೆಲ್ಲ ಒಳಗಿನಿಂದ ಕೇಳುತ್ತಿದ್ದ ವೃದ್ಧೆ, ಗೃಹಸ್ಥರ ತಾಯಿ, ಮೆಲ್ಲನೆ ಬಂದು ಹೊಸ್ತಿಲ ಬಳಿ ಕುಳಿತರು. “ತಮ್ಮಾ, ಕರೆಂಟ್ ಇಲ್ದೇ ಮಾತಾಡ್ತದೇನು ಇದು?” ಎಂದು ಕೇಳಿದರು. ಹೌದೆಂದಾಗ ತುಸು ಹೊತ್ತು ಸುಮ್ಮನಿದ್ದರು. “ಭೂಕಂಪ ಆದಾಗ ನಿನಗ ಒಂಬತ್ತು ವರ್ಷ. ನಿಮ್ಮ ಮಾವ ಔಸಾ ಕಡೆ ಇದ್ದ. ಇದ್ದಾನೋ ಇಲ್ಲೋ ಅಂತ ಮೂರು ದಿನ ತಿಳೀಲಿಲ್ಲ. ನಾಕನೇ ದಿನ ಅವನೇ ನಡಕೊಂತ ಬಂದ. ಆ ಮೂರು ದಿನ ನಾ ಒಲಿ ಹಚ್ಚಲಿಲ್ಲ,” ಎಂದರು.

1993ರ ಸೆಪ್ಟೆಂಬರ್ 30ರ ನಸುಕನ್ನು ಬೀದರ್ ಜಿಲ್ಲೆಯ ಹಿರಿಯರು ಮರೆತಿಲ್ಲ. ಹಿಂದಿನ ದಿನ ಗಣಪತಿಯನ್ನು ಕಳುಹಿಸಿ ಜನರು ದಣಿದು ಮಲಗಿದ್ದರು. ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ ಭೂಮಿ ಅಲುಗಿತು. ಕಂಪನದ ಪ್ರಮಾಣ 6.2, ಅದರ ಕೇಂದ್ರ ಲಾತೂರು ಜಿಲ್ಲೆಯ ಕಿಲ್ಲಾರಿಯ ಆಸುಪಾಸು. ಬಸವಕಲ್ಯಾಣದಿಂದ ಹಕ್ಕಿ ಹಾರಿದ ಹಾಗೆ ಹೋದರೆ ಕಿಲ್ಲಾರಿ ಐವತ್ತು ಕಿಲೋಮೀಟರಿನೊಳಗೇ ಇದೆ. ಭಾರವಾದ ಕಲ್ಲನ್ನು ಮಣ್ಣಿನಲ್ಲಿ ಕಟ್ಟಿದ ಗೋಡೆಗಳು ಮಲಗಿದ್ದವರ ಮೇಲೆ ಕುಸಿದು, ಸುಮಾರು ಹತ್ತು ಸಾವಿರ ಜನರು ಪ್ರಾಣ ಕಳೆದುಕೊಂಡರು. ಅಂದು ಮೊಬೈಲ್ ಫೋನ್ ಇರಲಿಲ್ಲ. ಹಳ್ಳಿಗಳಲ್ಲಿ ತಂತಿಯ ಫೋನೂ ವಿರಳ. ಸತ್ತವರ ದುಃಖ ಒಂದಾದರೆ, ಬದುಕಿದ್ದಾರೋ ಇಲ್ಲವೋ ತಿಳಿಯದ ಸಾವಿರಾರು ಮನೆಗಳ ಸಂಕಟ ಇನ್ನೊಂದು. ಆ ದಿನಗಳಲ್ಲಿ ಹವ್ಯಾಸಿ ರೇಡಿಯೋದವರು ತಮ್ಮ ಪೆಟ್ಟಿಗೆ, ತಂತಿ, ಬ್ಯಾಟರಿಗಳೊಡನೆ ಅಲ್ಲಿಗೆ ತೆರಳಿ ಸಂದೇಶಗಳನ್ನು ಸಾಗಿಸಿದರು. ಅವರಿಗೆ ಆ ಕೆಲಸ ಬಂದುದು ಹೇಗೆ? ಅದಕ್ಕೆ ಮುನ್ನ ನೂರಾರು ಭಾನುವಾರಗಳನ್ನು, ಮನೆಯವರ ದೃಷ್ಟಿಯಲ್ಲಿ, ಅವರು ವ್ಯರ್ಥವಾಗಿ ಕಳೆದಿದ್ದುದರಿಂದ.

2004ರ ಡಿಸೆಂಬರಿನ ಕಥೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರು ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಉದ್ದೇಶ ಕೇವಲ ಹವ್ಯಾಸ. ಆ ದ್ವೀಪಗಳಿಂದ ರೇಡಿಯೋ ದನಿ ಕೇಳುವುದು ಅಪರೂಪವಾಗಿದ್ದುದರಿಂದ, ಅಲ್ಲಿಂದ ಮಾತನಾಡಿ ಲೋಕದ ಹವ್ಯಾಸಿಗಳಿಗೆ ಅಂಡಮಾನಿನ ಸಂಪರ್ಕವನ್ನು ದೊರಕಿಸಿಕೊಡುವುದು. 26ರ ಬೆಳಿಗ್ಗೆ ಭೂಮಿ ನಡುಗಿ ಸಮುದ್ರ ಉಕ್ಕಿತು. ದ್ವೀಪಗಳ ಫೋನು ಸಂಪರ್ಕ ಕಡಿಯಿತು. ಆಟಕ್ಕೆಂದು ಹೂಡಿದ ರೇಡಿಯೋ ಕೇಂದ್ರವೇ ಆ ದಿನದಿಂದ ದ್ವೀಪಗಳಿಗೂ ಮುಖ್ಯಭೂಮಿಗೂ ನಡುವಣ ಸೇತುವೆಯಾಯಿತು.

ಈಗ ಎಲ್ಲರ ಕೈಯಲ್ಲಿ ಫೋನಿರುವಾಗ ಇದೇತಕ್ಕೆ ಎಂದು ಕೇಳುವವರಿದ್ದಾರೆ. ಆದರೆ ಮೊಬೈಲ್ ಫೋನಿನ ಮಾತು ಗೋಪುರವನ್ನು ನಂಬಿದೆ. ಗೋಪುರ ವಿದ್ಯುತ್ತನ್ನೂ ಕೇಬಲನ್ನೂ ನಂಬಿದೆ. ಮೂರರಲ್ಲಿ ಒಂದು ಬಿದ್ದರೂ ಕೈಯಲ್ಲಿರುವುದು ಗಾಜಿನ ತುಂಡು. ಇದರ ಅರ್ಥ ಹೊಸತನ್ನು ಹಳಿಯಬೇಕೆಂದಲ್ಲ. ಹವ್ಯಾಸಿಗಳು ಹೊಸತಿಗೆ ಬೆನ್ನು ತಿರುಗಿಸಿದವರೂ ಅಲ್ಲ. ಅವರಿಗಾಗಿಯೇ ಇಸ್ರೋ ‘ಹ್ಯಾಮ್‌ಸ್ಯಾಟ್’ ಎಂಬ 42.5 ಕಿಲೋಗ್ರಾಂ ತೂಕದ ಉಪಗ್ರಹವನ್ನು 2005ರ ಮೇ 5ರಂದು ಹಾರಿಸಿತು. ಅದು 2014ರವರೆಗೆ ಅವರ ದನಿಗಳನ್ನು ಹೊತ್ತು ತಿರುಗಿತು. 2025ರ ಜುಲೈಯಲ್ಲಿ ಅಂತರಿಕ್ಷ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರೊಡನೆ ಬೆಂಗಳೂರಿನಿಂದ ವಿದ್ಯಾರ್ಥಿಗಳು ಮಾತನಾಡಿದ್ದೂ ಹವ್ಯಾಸಿ ರೇಡಿಯೋದ ಮೂಲಕವೇ.

ಪರೀಕ್ಷೆಯೂ ಭಯಪಡುವಂಥದಲ್ಲ. ಕೆಳದರ್ಜೆಯ ಪರವಾನಗಿಗೆ ರೇಡಿಯೋದ ಮೂಲಪಾಠಗಳೂ ನಿಯಮಗಳೂ ತಿಳಿದಿದ್ದರೆ ಸಾಕು; ಮೋರ್ಸ್ ಸಂಕೇತ ಬೇಕಾಗುವುದು ಮೇಲ್ದರ್ಜೆಗೆ. ಬೆಂಗಳೂರಿನಲ್ಲಿ 1959ರಿಂದ ಹವ್ಯಾಸಿಗಳ ಸಂಘವೊಂದು ಇದೆ. ಪರವಾನಗಿ ಕೈಗೆ ಬರುವವರೆಗೆ ಮಾತನಾಡುವಂತಿಲ್ಲ. ಅದುವರೆಗೆ ಕಿವಿಗೊಟ್ಟು ಕೇಳುವುದೇ ಪಾಠ. ಹವ್ಯಾಸಿಯ ನಿಜವಾದ ವಿದ್ಯೆ ಅದೇ. ಗದ್ದಲದ ನಡುವಿನಿಂದ ಕ್ಷೀಣವಾದ ಒಂದು ದನಿಯನ್ನು ಹೆಕ್ಕಿ ತೆಗೆಯುವುದು, ಕೇಳಿಸಿದುದನ್ನು ಅಕ್ಷರವೂ ತಪ್ಪದಂತೆ ಬರೆದುಕೊಳ್ಳುವುದು, ತನ್ನ ಸರದಿ ಬರುವವರೆಗೆ ಸುಮ್ಮನಿರುವುದು: ಇವು ಪುಸ್ತಕದಿಂದ ಬರುವುದಿಲ್ಲ, ಅವಸರದ ದಿನ ಕಲಿಯುತ್ತೇನೆಂದರೆ ಆಗುವುದಿಲ್ಲ.

ಹುಮನಾಬಾದಿನ ಬಳಿಯ ಜಲಸಂಗ್ವಿಯ ದೇವಾಲಯದ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಇದ್ದಾಳೆ. ವಿಕ್ರಮಾದಿತ್ಯನ ಕೀರ್ತಿಯನ್ನು ಆಕೆ ಕಲ್ಲಿನಲ್ಲಿ ಬರೆಯುತ್ತಿದ್ದಾಳೆ. ಚಾಲುಕ್ಯರ ಕಾಲದ ಆ ಬರಹ ಇಂದಿಗೂ ಉಳಿದಿದೆ. ರೇಡಿಯೋದ ಮಾತಿಗೆ ಅಂತಹ ಆಯುಸ್ಸಿಲ್ಲ. ಅದು ಹೊರಟ ಕ್ಷಣದಲ್ಲೇ ಕೇಳುವ ಕಿವಿಯೊಂದು ಇನ್ನೊಂದು ಕಡೆ ಇರಬೇಕು. ಇಲ್ಲದಿದ್ದರೆ ಆ ಮಾತು ಇಲ್ಲವೇ ಇಲ್ಲ.

ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನೇರ ಗೆರೆಯಲ್ಲಿ ಇರುವ ಅಂತರ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ಎರಡೂ ಊರುಗಳಲ್ಲಿ ಹತ್ತು ಮೀಟರ್ ಎತ್ತರಕ್ಕೆ ಒಂದೊಂದು ಸರಳನ್ನು ನಿಲ್ಲಿಸಿದರೆ, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರವೇ ಆ ದೂರವನ್ನು ದಾಟಬಲ್ಲುದು. ಹುಮನಾಬಾದಿನಲ್ಲಿ ಗೃಹಸ್ಥರೊಡನೆ ಕೆಲಸ ಮಾಡುವ ಒಬ್ಬ ತರುಣನಿಗೆ ಇಂತಹ ವಿಷಯಗಳಲ್ಲಿ ಆಸಕ್ತಿಯುಂಟು. ಸೋಮವಾರ ಬಸ್ಸಿಳಿದ ಒಡನೆಯೆ ಅವನನ್ನು ಕಂಡು, ಪರೀಕ್ಷೆಗೆ ಕುಳಿತುಕೊಳ್ಳುವಂತೆ ಹೇಳಬೇಕೆಂದು ಅವರು ನಿಶ್ಚಯಿಸಿದರು. ಮಗಳಿಗೂ ಹನ್ನೆರಡು ತುಂಬಿದೆ. ಅವಳ ಅರ್ಜಿಯೂ ಅದರೊಡನೆಯೇ ಹೋಗಬಹುದು. ಮಾಳಿಗೆಯ ತಂತಿಯನ್ನು ಬಿಚ್ಚಬಾರದೆಂದು ಮನೆಯಾಕೆಯೇ ಅಪ್ಪಣೆ ಮಾಡಿದರು. ಬಟ್ಟೆ ಒಣಹಾಕಲು ಮಾತ್ರ ಬೇರೊಂದು ತಂತಿಯನ್ನು ತರಬೇಕಂತೆ.